ಸೂರ್ಯನಿಗೊಂದು ರೆಗ್ಯುಲೇಟರ್

"ಹಂಗಾರ ನನ್ನ ಸಂಡಿಗಿ ಮ್ಯಾಲಿನ ಬಿಸಲು ಎಲ್ಲಿ ಹೋತು? ನೀನಾ ಹೇಳು. ಮೂರು ದಿನಾ ಆತು, ಮುಟ್ಟಿದ್ರ ಇನ್ನೂ ಕೈಗೆ ಅಂಟಾಕತ್ತಾವ!"

ಸೂಗಮ್ಮ ತನ್ನ ಮಾಳಿಗೆಯ ಮೋಟುಗೋಡೆಗೆ ಎರಡೂ ಕೈ ಊರಿ ನಿಂತು ಕೇಳಿದಳು. ಗೋಡೆಯ ಈಚೆಗೆ ವೆಂಕೋಬನ ಮಾಳಿಗೆ. ಮೂರು ದಿನದ ಹಿಂದಷ್ಟೇ ರಾಯಚೂರಿನಿಂದ ಟೆಂಪೋದಲ್ಲಿ ಬಂದ ನಾಲ್ಕು ಸೋಲಾರ್ ಪ್ಲೇಟುಗಳು ಅಲ್ಲಿ ಹೊಸ ಅಳಿಯಂದಿರ ಹಾಗೆ ಸಾಲಾಗಿ, ಮೈ ಮಿರುಗಿಸುತ್ತ, ಯಾವ ಕೆಲಸವನ್ನೂ ಮಾಡದೆ ಒರಗಿಕೊಂಡಿದ್ದವು.

ಯಾವ ಕೆಲಸವನ್ನೂ ಮಾಡದೆ ಇರಲು ಕಾರಣವಿತ್ತು. ಮಾನ್ವಿಯ ಮೇಲೆ ಮೂರು ದಿನದಿಂದ ಮೋಡ ಕವಿದಿತ್ತು. ತಲೆ ಎತ್ತಿದವರಿಗೆಲ್ಲ ಕಾಣುವ ಮೋಡ. 'ಮೋಡ ಆಗೇದ ಬಿಡು ಯವ್ವಾ' ಎಂದು ವೆಂಕೋಬ ನಾಲ್ಕು ಶಬ್ದ ಖರ್ಚು ಮಾಡಿದ್ದರೆ ಮುಂದಿನ ಅನಾಹುತಗಳೊಂದೂ ನಡೆಯುತ್ತಿರಲಿಲ್ಲ. ಆದರೆ ಸೂಗಮ್ಮ ಕೇಳಿದ್ದು ಆಕಾಶವನ್ನಲ್ಲ, ವೆಂಕೋಬನನ್ನು. ವೆಂಕೋಬನನ್ನು ಏನಾದರೂ ಕೇಳಿದರೆ ಅವನು ಉತ್ತರ ಕೊಡದೆ ಬಿಡುವವನಲ್ಲ. ಐವತ್ತೆರಡು ವರ್ಷದ ಬದುಕಿನಲ್ಲಿ 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬಿದ್ದಿರಲಿಲ್ಲ.

ಇದರಲ್ಲಿ ಓಣಿಯವರ ತಪ್ಪೂ ಇತ್ತು. ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆರಡು ವರ್ಷ ಗುತ್ತಿಗೆ ಕೆಲಸ ಮಾಡಿದ್ದ. ಕೆಲಸವೆಂದರೆ ಕಲ್ಲಿದ್ದಲು ಸಾಗುವ ಬೆಲ್ಟಿನ ಪಕ್ಕ ನಿಂತು, ನಡುವೆ ಬಂದ ಕಲ್ಲುಗಳನ್ನು ಆರಿಸಿ ಆಚೆ ಎಸೆಯುವುದು. ಆದರೆ ಊರಿಗೆ ಮರಳಿದ ಮೇಲೆ ಓಣಿಯವರು 'ಕರೆಂಟು ಹುಟ್ಟೋ ಜಾಗದಾಗ ಇದ್ದಾಂವ' ಎಂದು ಫ್ಯಾನಿನ ರಿಪೇರಿಯಿಂದ ಹಿಡಿದು ಚಂದ್ರಗ್ರಹಣದವರೆಗೆ, ಅಲ್ಲಿಂದ ಮೊಮ್ಮಕ್ಕಳ ನೆಗಡಿಯವರೆಗೆ ಎಲ್ಲವನ್ನೂ ಅವನನ್ನೇ ಕೇಳತೊಡಗಿದರು. ಅವನೂ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ.

ಬೆಳಕಿನ ವಿಷಯದಲ್ಲಂತೂ ಅವನ ಹತ್ತಿರ ತಾಜಾ ಸರಕಿತ್ತು. ಹೆಂಡತಿ ದಾನೇಶ್ವರಿಯ ಜೋಳದ ರೊಟ್ಟಿ ಮಷೀನು ಮಧ್ಯಾಹ್ನ ಕರೆಂಟು ಹೋದಾಗಲೆಲ್ಲ ನಿಲ್ಲುತ್ತದೆಂದು ಈ ಪ್ಲೇಟುಗಳನ್ನು ಕೊಳ್ಳಲು ಹೋದಾಗ, ರಾಯಚೂರಿನ ಅಂಗಡಿಯವರು ಅವನನ್ನು ಎರಡು ತಾಸು ಟೀವಿಯ ಮುಂದೆ ಕೂರಿಸಿದ್ದರು. ಟೀವಿಯಲ್ಲಿ ಫೋಟಾನ್ ಎಂಬ ಬೆಳಕಿನ ಕಣದ ಕುರಿತು ಒಂದೇ ವಿಡಿಯೋ ಹನ್ನೊಂದು ಸಲ ತಿರುಗಿ ತಿರುಗಿ ಬಂತು. ಒಂಬತ್ತನೆಯ ಸಲಕ್ಕೆ ವೆಂಕೋಬನಿಗೆ ನಿದ್ದೆ ಹತ್ತಿತು. ಆದ್ದರಿಂದ ಅವನಿಗೆ ತಿಳಿದದ್ದು ಎಂಟು ಸಲದಷ್ಟು.

"ಯವ್ವಾ, ಬಿಸಲು ಅಂದ್ರ ಏನಂತ ತಿಳದೀದಿ?" ಎಂದು ಅವನು ಶುರು ಮಾಡಿದ. "ಕಣ. ಬೆಳಕಿನ ಕಣ. ಸಂತ್ಯಾಗ ಜೋಳಾ ಸುರವಿದಂಗ ಮ್ಯಾಲಿಂದ ಸುರೀತಾವ. ಆದ್ರ ತೂಕಿಲ್ಲ. ತಕ್ಕಡ್ಯಾಗ ಹಾಕಿದ್ರ ಮುಳ್ಳು ಅಳ್ಳಾಡಂಗಿಲ್ಲ. ಹುಟ್ಟಿದಾಗಿಂದ ಓಟಾನಾ ಓಟ, ನಿಂತು ದಣಿವು ಆರಿಸಿಕೊಳ್ಳೋ ಜಾತೀನಾ ಅಲ್ಲ. ಸೂರ್ಯನಿಂದ ಮಾನ್ವಿಗೆ ಎಂಟು ನಿಮಿಷ!"

"ಎಂಟು ನಿಮಿಷ ಆಗ್ಲಿ, ಎಂಟು ತಾಸಾಗ್ಲಿ. ನನ್ನ ಮಾಳಿಗಿಗೆ ಯಾಕ ಬರವಲ್ವು?"

ಇಲ್ಲಿಯೂ ಅವನಿಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. ಆದರೆ ಮಾತಿಗೆ ವೇಗ ಬಂದುಬಿಟ್ಟಿತ್ತು.

"ಈ ಪ್ಲೇಟಿನ ಮ್ಯಾಲ ಬಿದ್ದ ಕಣ ಮುಗೀತು ಅಂತ ತಿಳಿ. ನುಂಗಿಬಿಡ್ತದ. ಒಂದನ್ನೂ ತಿರುಗಿ ಕಳಸಂಗಿಲ್ಲ. ಅದರ ಮ್ಯಾಲ ಹೊಸಾ ಪ್ಲೇಟು, ಹಸಿವು ಬಾಳ. ಆಜೂಬಾಜೂದನ್ನೂ ಜಗ್ಗಾಕತ್ತಿರಬೇಕು."

ಕೊನೆಯ ಮಾತು ಎಲ್ಲಿಂದ ಬಂತೆಂದು ವೆಂಕೋಬನಿಗೇ ತಿಳಿಯಲಿಲ್ಲ. ವಿಡಿಯೋದಲ್ಲಂತೂ ಇರಲಿಲ್ಲ. ಹೇಳುವ ಮಾತಿಗೊಂದು ಅಂದ ಬರಲೆಂದು ತಾನಾಗಿ ಬಂದು ಸೇರಿಕೊಂಡಿತ್ತು.

ಸೂಗಮ್ಮ ಪ್ಲೇಟುಗಳನ್ನು ನೋಡಿದಳು. ತನ್ನ ಹಸಿ ಸಂಡಿಗೆಗಳನ್ನು ನೋಡಿದಳು. ಕೆಳಗಿಳಿದು ಓಣಿಯ ಒಂದೊಂದೇ ಬಾಗಿಲಿಗೆ ಹೋದಳು. ಹೊತ್ತು ಮುಳುಗುವುದರೊಳಗೆ, ವೆಂಕೋಬ ಓಣಿಯ ಬಿಸಿಲನ್ನೆಲ್ಲ ಜಗ್ಗಿ ತನ್ನ ಮನೆಗೆ ಹಾಕಿಕೊಳ್ಳುತ್ತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಾದ ಸಂಗತಿಯಾಗಿತ್ತು.

ಮರುದಿನ ಮೋಡ ಹರಿಯಿತು. ರಾಯಚೂರು ಸೀಮೆಯ ಬಿಸಿಲು ಮೂರು ದಿನದ ಬಾಕಿಯನ್ನೂ ಸೇರಿಸಿಕೊಂಡು ಬಂತು. ಮಧ್ಯಾಹ್ನದೊಳಗೆ ಸಂಡಿಗೆಗಳು ಕಟಕಟ ಎಂದವು. ಸೂಗಮ್ಮ ಮತ್ತೆ ಗೋಡೆಗೆ ಬಂದಳು. ಈ ಸಲ ಮುಖದಲ್ಲಿ ನಗು.

"ಏನ್ ಮಾಡಿದ್ಯೋ ವೆಂಕೋಬ?"

"ಜರಾ ಕಮ್ಮಿ ಇಟ್ಟೀನಿ ಯವ್ವಾ," ಎಂದ ವೆಂಕೋಬ, ಬಹಳ ಸಣ್ಣ ಉಪಕಾರ ಮಾಡಿದವನ ಹಾಗೆ.

"ಕಮ್ಮಿ ಮಾಡಾಕೂ ಬರ್ತದ?"

ಅವನ ಕಣ್ಣು ಗೋಡೆಯ ಮೇಲೆ ಬಿದ್ದಿದ್ದ ಹಳೆಯ ಫ್ಯಾನಿನ ರೆಗ್ಯುಲೇಟರಿನ ಮೇಲೆ ಬಿತ್ತು. ಸೊನ್ನೆಯಿಂದ ಐದರವರೆಗೆ ಅಂಕಿ ಬರೆದ, ವಯರಿಲ್ಲದ, ಒಂದು ಮಗ್ಗುಲು ಒಡೆದ ಡಬ್ಬಿ. ಅವನು ಅದನ್ನು ಎತ್ತಿ, ಮೂರರಲ್ಲಿದ್ದ ಮುಳ್ಳನ್ನು 'ಟಕ್' ಎಂದು ಎರಡಕ್ಕೆ ತಿರುಗಿಸಿದ.

"ಬರ್ತದ."

"ಅದು ನಮ್ಮ ಪಡಸಾಲಿ ಫ್ಯಾನಿಂದಲ್ಲೇನ್ರಿ? ಗುಜರಿಯವಂಗ ಹಾಕಾಕ ಇಟ್ಟಿದ್ದು?" ಎಂದು ದಾನೇಶ್ವರಿ ಮೆಟ್ಟಿಲ ಮೇಲಿಂದ ಕೇಳಿದಳು.

"ನಿನ್ನ ರೊಟ್ಟಿ ಹೊತ್ತಾವ, ಹೋಗಲೇ."

ಹಾಗೆ ಆ ರೆಗ್ಯುಲೇಟರು ಗುಜರಿಗೆ ಹೋಗುವುದು ತಪ್ಪಿ ಸೂರ್ಯನಿಗೆ ಅಂಟಿಕೊಂಡಿತು.

ಸಂಜೆಗೆ ಎದುರು ಮನೆಯ ಪೀರಾ ಸಾಬ್ ಬಂದ. ಹತ್ತಿ ಬಡಿದು ಗಾದಿ ಹೊಲಿಯುವ ಮನುಷ್ಯ. ಅವನ ಅಂಗಡಿಗೆ ತಗಡಿನ ಮಾಡು. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ, ಅದರ ಕೆಳಗೆ ಧಾರಾಕಾರ ಬೆವರು.

"ವೆಂಕೋಬ ಭಾಯಿ, ಸೂಗಮ್ಮಗ ಬಿಸಲು ಬಿಟ್ಟಿ. ಬಾಳ ಚಲೋ ಆತು. ನನ್ನ ತಗಡಿನ ಮ್ಯಾಲಿಂದು ಜರಾ ಜಗ್ಗು. ಒಳಗ ಹತ್ತಿ ಅದ, ನಾನದೀನಿ. ಹತ್ತೀಗಿಂತ ಮೊದಲು ನಾನಾ ಹೊತ್ಕೋತೀನಿ."

ಒಬ್ಬರಿಗೆ ಬಿಸಿಲು ಬೇಕು, ಒಬ್ಬರಿಗೆ ಬೇಡ. ಆಡಳಿತ ನಡೆಸುವವರ ಕಷ್ಟ ವೆಂಕೋಬನಿಗೆ ಅಂದು ಅರ್ಥವಾಯಿತು. ಅವನು ಗೋಡೆಯ ಮೇಲೆ ಸೀಮೆಸುಣ್ಣದಿಂದ ವೇಳಾಪಟ್ಟಿ ಬರೆದ. ಮುಂಜಾನೆ ಏಳರಿಂದ ಹನ್ನೆರಡು, ಸೂಗಮ್ಮ, ನಂಬರ್ ಒಂದು. ಹನ್ನೆರಡರಿಂದ ನಾಲ್ಕು, ಪೀರಾ ಸಾಬ್, ನಂಬರ್ ಐದು. ನಾಲ್ಕರ ಮೇಲೆ ಸಾರ್ವಜನಿಕರಿಗೆ.

ಮೂರನೆಯ ದಿನ ಪೀರಾ ಸಾಬ್ ಬಂದು ಅವನ ಕೈ ಹಿಡಿದುಕೊಂಡ. "ಫರಕ್ ಆಗೇದ ಭಾಯಿ! ಹನ್ನೆರಡಕ್ಕ ನೀನು ಟಕ್ ಅಂತ ತಿರುವಿದಿ ನೋಡು, ಇಲ್ಲಿ ಬೆನ್ನಾಗ ತಣ್ಣಗ ಅಂತು." ಹನ್ನೆರಡು ಗಂಟೆಗೆ ಅವನ ಹೆಂಡತಿ ಉಮ್ಮೇ ಕುಲ್ಸುಮ್ ಒದ್ದೆ ಟವೆಲನ್ನು ಬೆನ್ನ ಮೇಲೆ ಹಾಕಿದ್ದಳೆಂಬುದನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಆ ಕಣದ ಗುಣಾ ಏನೈತೋ ಪೂರಾ ಹೇಳು," ಎಂದು ಪೀರಾ ಸಾಬ್ ಕಟ್ಟೆಯ ಮೇಲೆ ಕುಳಿತ.

"ಅದರ ಗುಣಾ ಹೇಳಿದ್ರ ತಲಿ ಕೆಡ್ತದ. ನಾವು ನೋಡಾಕತ್ತಿದ್ರ ಕಾಳಿನಂಗ ಸೀದಾ ಹೋಗಿ ಒಂದಾ ಕಡಿ ಬೀಳ್ತದ. ನೋಡಲಾರದಾಗ ಕೆರಿ ನೀರಿನ ತೆರಿ ಆದಂಗ ಆಗಿ, ಎರಡು ಬಾಗಲಾ ಇದ್ರ ಎರಡರಾಗೂ ಒಮ್ಮಿಗೇ ಹಾಯ್ತದ."

ಪೀರಾ ಸಾಬ್ ಹುಬ್ಬಿನ ಮೇಲಿನ ಹತ್ತಿ ಒರೆಸಿಕೊಂಡ. "ಇದು ನನ್ನ ಭಾಮೈದನ ಗುಣಾ ಆತಲ್ಲೋ. ಎದುರಿಗಿದ್ರ ಸೀದಾ ಹೊಲಿಗಿ ಹಾಕ್ತಾನ. ನಾ ನಮಾಜಿಗೆ ಹೋದ್ರ ಮುಗೀತು, ಒಬ್ರು ಬಸ್‌ಸ್ಟ್ಯಾಂಡಿನ್ಯಾಗ ಕಂಡೆ ಅಂತಾರ, ಇನ್ನೊಬ್ರು ಅದಾ ಹೊತ್ತಿಗೆ ಸಂತ್ಯಾಗ ಕಂಡೆ ಅಂತಾರ."

"ಹಂಗಾ ತಿಳಿ," ಎಂದ ವೆಂಕೋಬ ಉದಾರವಾಗಿ.

ಎರಡು ವಾರ ಈ ರಾಜ್ಯಭಾರ ಸುಖವಾಗಿ ನಡೆಯಿತು. ಒಂದು ಶನಿವಾರ ಸೂಗಮ್ಮ ತಾಟಿನ ತುಂಬ ಕರಿದ ಸಂಡಿಗೆ ಹಿಡಿದು ಬಾಗಿಲಿನಿಂದಲೇ ಬಂದಳು. ಗೋಡೆ ಬಿಟ್ಟು ಬಾಗಿಲಿಗೆ ಬಂದಳೆಂದರೆ ದೊಡ್ಡ ಮಾತು ಇದೆ ಎಂದರ್ಥ.

"ತಿನ್ನೋ, ನಿನ್ನ ಬಿಸಲಿಂದಾ. ಬರೋ ಗುರುವಾರ ದೇವದುರ್ಗದಾಗ ನಮ್ಮ ಮೊಮ್ಮಗಳು ಶೈಲಜಾನ ಮದುವಿ, ಮರ್ತೀದಿ ಏನು? ಅಕ್ಕಿಕಾಳು ಮಧ್ಯಾಹ್ನ ಹನ್ನೆರಡೂವರಿಗೆ. ಬೀಗರು ಚನ್ನವೀರಪ್ಪ ತಗಡಿನ ಮಂಟಪ ಹಿಡದಾರ. ನಾಕು ದೊಡ್ಡ ಕೂಲರ್ ಹೇಳಿದ್ರಂತ. ನಾ ಅಂದೆ, ಕೂಲರ್ ಯಾಕ್ರಿ, ನಮ್ಮ ವೆಂಕೋಬ ಪ್ಲೇಟು ತಂದು ಮಂಟಪದ ಬಿಸಲೆಲ್ಲಾ ಜಗ್ಗಿಬಿಡ್ತಾನ ಅಂತ. ಅವ್ರು ಕೂಲರ್ ಬ್ಯಾಡ ಅಂತ ಹೇಳಿಬಿಟ್ರು."

ವೆಂಕೋಬನ ಬಾಯಲ್ಲಿದ್ದ ಸಂಡಿಗೆ ಅರ್ಧಕ್ಕೇ ನಿಂತಿತು. ಅವನ ಕಣ್ಣ ಮುಂದೆ ದೇವದುರ್ಗದ ಮೇ ತಿಂಗಳು, ನಡುಹಗಲು, ತಗಡು, ಅದರ ಕೆಳಗೆ ಎಂಟುನೂರು ಬೀಗರು ಬಂದು ಹೋದರು.

"ಯವ್ವಾ, ಒಂದು ಮಾತು ಕೇಳು. ಆ ರೆಗ್ಯುಲೇಟರ್ ಅದಲ್ಲಾ, ಅದು ಹಳೀ ಫ್ಯಾನಿಂದು. ಅದಕ್ಕ ವಯರಾ ಇಲ್ಲ."

"ತೂಕಿಲ್ಲದ ಕಣಕ್ಕ ವಯರ್ ಯಾಕ ಬೇಕೋ?"

"ಅಲ್ಲ ಯವ್ವಾ, ಸುಳ್ಳು ಹೇಳೀನಿ. ಅಂದು ಮೋಡ ಆಗಿತ್ತು. ಬಿಸಲು ಜಗ್ಗಾಕ ನನ್ನ ಕೈಲೆ ಆಗಂಗಿಲ್ಲ."

ಸೂಗಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದಳು. "ಕಲತಾವ್ರು ಎಲ್ಲಾರೂ ಹಿಂಗಾ ಅಂತಾರ. ನಾ ಮಾಡೀನಿ ಅಂತ ಒಬ್ರೂ ಹೇಳ್ಕೊಳ್ಳಂಗಿಲ್ಲ." ಆಮೇಲೆ ಅವಳ ದನಿ ಇಳಿಯಿತು. "ಅಪ್ಪಿಲ್ಲದ ಕೂಸು ಅದು ವೆಂಕೋಬ. ಬೀಗರ ಮುಂದ ನಾ ಕೊಟ್ಟ ಮೊದಲನೇ ಮಾತು ಇದು. ಇದು ಬಿದ್ದು ಹೋದ್ರ ಆ ಮನ್ಯಾಗ ಆಕಿ ಮಾತು ಯಾರು ಕೇಳ್ತಾರ ಹೇಳು."

ಅವಳು ಹೋದ ಮೇಲೆ ದಾನೇಶ್ವರಿ ರೊಟ್ಟಿ ಮಷೀನು ನಿಲ್ಲಿಸಿ ಬಂದಳು. "ಈಗೇನ್ ಮಾಡ್ತೀರಿ, ಸೂರ್ಯನ ಮಾಲಕರ? ಐದನೇ ನಂಬರಿಗೆ ಇಡ್ತೀರೋ, ಊರಾ ಬಿಡ್ತೀರೋ?"

ಊರು ಬಿಟ್ಟ. ಭಾನುವಾರ ಮುಂಜಾನೆಯ ಬಸ್ಸಿಗೆ, ದೇವದುರ್ಗದ ಕಡೆಗೆ. ಚನ್ನವೀರಪ್ಪನ ಕಾಲು ಹಿಡಿದಾದರೂ ನಿಜ ಹೇಳಿ, ಕೂಲರನ್ನು ಮತ್ತೆ ತರಿಸಬೇಕೆಂಬುದು ಅವನ ಯೋಜನೆ.

ಚನ್ನವೀರಪ್ಪ ದೊಡ್ಡ ಕಿರಾಣಿ ಅಂಗಡಿಯ ಯಜಮಾನ. ದನಿಯೂ ಅಂಗಡಿಯಷ್ಟೇ ದೊಡ್ಡದು. "ಬರ್ರಿ, ಬರ್ರಿ! ಏ, ಶರಬತ್ ತರ್ರಿ, ಸೂರ್ಯನ ಮೇಸ್ತ್ರಿಗಳು ಬಂದ್ರು!" ಎಂದು ಎದ್ದು ಬಂದ. ವೆಂಕೋಬ ಬಾಯಿ ತೆರೆಯುವ ಮೊದಲೇ ಶುರುವಾಯಿತು. "ಮಂಟಪ ನೂರಡಿ ಉದ್ದ ಅದರೀ. ಎಷ್ಟು ನಂಬರಿಗೆ ಇಡ್ತೀರಿ? ಐದು ಬ್ಯಾಡ್ರಿ, ಬಾಳ ಥಂಡಿ ಆದ್ರ ವಯಸ್ಸಾದವರಿಗೆ ತ್ರಾಸ. ನಮ್ಮವ್ವ ಈಗಾ ಶಾಲು ತಗಸಿ ಇಟ್ಟಾಳ."

"ಅದನ್ನಾ ಹೇಳಾಕ ಬಂದೀನ್ರಿ. ನನ್ನ ಕೈಲೆ ಆಗಂಗಿಲ್ರಿ. ಕೂಲರಾ ತರಸ್ರಿ."

ಚನ್ನವೀರಪ್ಪ ಗಹಗಹಿಸಿದ. "ಸೂಗಮ್ಮಾರು ಮೊದಲಾ ಫೋನ್ ಹಚ್ಚಿ ಹೇಳ್ಯಾರ, 'ಆತ ಬಂದು ಆಗಂಗಿಲ್ಲ ಅಂತಾನ, ನೀವು ನಂಬಬ್ಯಾಡ್ರಿ' ಅಂತ!"

ಮೂಲೆಯ ಮೇಜಿನಲ್ಲಿ ಚನ್ನವೀರಪ್ಪನ ಮಗಳು, ಮದುಮಗನ ಅಕ್ಕ ನೇತ್ರಾವತಿ, ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ತಲೆ ಎತ್ತಿದಳು.

"ಕಾಕಾರ, ಒಂದು ಸೆಕೆಂಡಿನ್ಯಾಗ ಒಂದು ಮೀಟರ್ ಉದ್ದಗಲದ ಜಾಗಕ್ಕ ಎಷ್ಟು ಫೋಟಾನ್ ಬೀಳ್ತಾವ್ರಿ?"

'ಕೋಟಿ' ಎಂಬ ಶಬ್ದ ವೆಂಕೋಬನ ನಾಲಿಗೆಯ ತುದಿಗೆ ಬಂದಿತ್ತು. ಇಂಥ ಹೊತ್ತಿನಲ್ಲಿ ಅದು ಯಾವಾಗಲೂ ಸಿದ್ಧವಿರುತ್ತಿತ್ತು. ಆದರೆ ಅದರ ಹಿಂದೆಯೇ ಸೂಗಮ್ಮನ ಮುಖ ಬಂದು ನಿಂತಿತು.

"ಗೊತ್ತಿಲ್ಲವ್ವಾ."

ಹೇಳಿದವರು ಯಾರೆಂದು ಅವನೇ ಒಮ್ಮೆ ಹಿಂತಿರುಗಿ ನೋಡಿದ.

ನೇತ್ರಾವತಿ ಪೆನ್ನಿಗೆ ಮುಚ್ಚಳ ಹಾಕಿದಳು. "ಹೆಚ್ಚುಕಮ್ಮಿ ನಾಕರ ಮುಂದ ಇಪ್ಪತ್ತೊಂದು ಸೊನ್ನಿ ಬರೀರಿ, ಅಷ್ಟು. ಎಲ್ಲಾ ಸೀದಾ ಬರ್ತಾವ. ಕರದ್ರ ಬರಂಗಿಲ್ಲ, ಜಗ್ಗಿದ್ರ ದಾರಿ ಬಿಟ್ಟು ಹೊಳ್ಳಂಗಿಲ್ಲ. ತೂಕಿಲ್ಲ ಅಂತ ನೀವಾ ಹೇಳೀರಂತ, ಅದು ಖರೆ. ಅವಕ್ಕ ಕರೆಂಟಿನ ಚಾರ್ಜೂ ಇಲ್ಲ. ಹಂಗಾರ ನಿಮ್ಮ ಪ್ಲೇಟು ಅವನ್ನ ಏನು ಹಿಡದು ಎಳೀಬೇಕ್ರಿ? ಪ್ಲೇಟಿನ ಮ್ಯಾಲ ಬಿದ್ದದ್ದಷ್ಟು ಪ್ಲೇಟಿಗೆ. ಸಂಡಿಗಿ ಮ್ಯಾಲ ಬಿದ್ದದ್ದು ಸಂಡಿಗಿಗೆ."

ತನ್ನ ಸುಳ್ಳನ್ನು ಇಷ್ಟು ಚೆನ್ನಾಗಿ ಯಾರೂ ಹಿಡಿದಿರಲಿಲ್ಲ. ವೆಂಕೋಬನಿಗೆ ಅವಳ ಕೈಗೆ ನಮಸ್ಕಾರ ಮಾಡಬೇಕೆನ್ನಿಸಿತು. "ಇದನ್ನಾ ಹೇಳಾಕ ಬಂದಿದ್ದೆ ನೋಡ್ರಿ!" ಎಂದು ಚನ್ನವೀರಪ್ಪನತ್ತ ತಿರುಗಿದ.

"ಏ ನೇತ್ರಾ, ಸುಮ್ನ ಕೂಡು," ಎಂದ ಚನ್ನವೀರಪ್ಪ. "ನೀ ಪುಸ್ತಕದಾಗ ಓದೀದಿ. ಅವ್ರು ಶಕ್ತಿನಗರದಾಗ ಇದ್ದು ಬಂದವರು."

ಅವನು ಅಂಗಡಿಗೆ ಹೋದ ಮೇಲೆ ನೇತ್ರಾವತಿ ಎಲ್ಲ ಕಡೆ ಫೋನು ಹಚ್ಚಿದಳು. ಗುರುವಾರ ದೊಡ್ಡ ಮುಹೂರ್ತ. ದೇವದುರ್ಗದಲ್ಲಿಲ್ಲ, ಸಿರವಾರದಲ್ಲಿಲ್ಲ, ರಾಯಚೂರಿನಲ್ಲೂ ಒಂದೇ ಒಂದು ಕೂಲರಿಲ್ಲ. ವೆಂಕೋಬ ಗೋಡೆಗೆ ಒರಗಿ ಕುಕ್ಕರಿಸಿದ.

"ಅಳಬ್ಯಾಡ್ರಿ ಕಾಕಾರ. ಬೆಳಕನ್ನ ಜಗ್ಗಾಕ ಬರಂಗಿಲ್ಲ. ವಾಪಸ್ ಕಳಸಾಕ ಬರ್ತದ."

"ವಾಪಸ್ಸಾ? ಸೂರ್ಯಗಾ?"

"ಕರೀದು ನುಂಗ್ತದ, ಬಿಳೀದು ತಿರುಗಿ ಒಗೀತದ. ಆ ಮಂಟಪದ ತಗಡು ತುಕ್ಕು ಹಿಡದು ಕರ್ರಗಾಗೇದ. ಬಿದ್ದದ್ದನ್ನೆಲ್ಲಾ ನುಂಗಿ ಒಳಗ ಕಾಸ್ತದ. ಅದಕ್ಕ ಗಟ್ಟಿಯಾಗಿ ಸುಣ್ಣಾ ಹೊಡದ್ರ ಮುಕ್ಕಾಲು ಭಾಗ ಬಂದ ದಾರೀಲೆ ಹೊಂಡ್ತದ."

"ಬಾಳ ಚಲೋ ಆತವ್ವಾ! ಯಾರು ಹೊಡೀಬೇಕು?"

ನೇತ್ರಾವತಿ ನೂರಕ್ಕೆ ಹನ್ನೊಂದು ಅಂಕ ಪಡೆದ ಉತ್ತರಪತ್ರಿಕೆಯನ್ನು ನೋಡುವಂತೆ ಅವನನ್ನೇ ನೋಡುತ್ತ ಕುಳಿತಳು.

ಮಂಗಳವಾರ ಮತ್ತು ಬುಧವಾರ ದೇವದುರ್ಗದವರು ಒಂದು ನೋಟ ಕಂಡರು. ತಗಡಿನ ಮಂಟಪದ ನೆತ್ತಿಯ ಮೇಲೆ ಇಬ್ಬರು ನಡುವಯಸ್ಸಿನ ಗಂಡಸರು, ತಲೆಗೆ ಒದ್ದೆ ಟವೆಲು, ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕುಂಚ. ಒಬ್ಬ ವೆಂಕೋಬ. ಇನ್ನೊಬ್ಬ ಪೀರಾ ಸಾಬ್. ಅವನನ್ನು 'ದೋಸ್ತಿ' ಎಂಬ ಒಂದೇ ಶಬ್ದದಿಂದ ಎಳೆದು ತಂದಾಗಿತ್ತು.

"ಭಾಯಿ, ಖರೇ ಹೇಳು," ಎಂದ ಪೀರಾ ಸಾಬ್, ಕಾಲು ಸುಟ್ಟು ಒಂದೊಂದನ್ನೇ ಎತ್ತಿಡುತ್ತ. "ನನ್ನ ತಗಡಿನ ಮ್ಯಾಲಿಂದು ನೀ ಖರೇನಾ ಜಗ್ಗಿದಿ?"

"ಇಲ್ಲೋ ಪೀರಣ್ಣ. ಸುಳ್ಳು."

ಪೀರಾ ಸಾಬ್ ಕುಂಚ ಎತ್ತಿದ. ಹೊಡೆಯುತ್ತಾನೆಂದು ವೆಂಕೋಬ ಕಣ್ಣು ಮುಚ್ಚಿದ. "ಮತ್ತ ಬೆನ್ನಾಗ ತಣ್ಣಗಾತಲ್ಲ ಅದೇನು? ನನ್ನ ಬೆನ್ನು ಸುಳ್ಳು ಹೇಳ್ತದೇನು?" ಎಂದು ಬೈದು, ಕೆಳಗೆ ನಿಂತವರಿಗೆ ಕೇಳುವಂತೆ ಜೋರಾಗಿ ಕೂಗಿದ, "ಇದು ಪ್ಲೇಟು ಇಡೋದಕ್ಕ ಮೊದಲು ಹಚ್ಚೋ ಲೇಪಾರೀ! ಇದಿಲ್ಲಂದ್ರ ಜಗ್ಗಂಗಿಲ್ಲ!"

ಗುರುವಾರ ಸೂಗಮ್ಮನ ಅಪ್ಪಣೆಯಂತೆ ಒಂದು ಪ್ಲೇಟು ಮಾನ್ವಿಯಿಂದ ಮದುವೆಯ ಟೆಂಪೋದಲ್ಲೇ ಬಂತು. ಅದನ್ನು ಮಂಟಪದೊಳಗೆ, ಒಂದು ಕಿರಣವೂ ಬೀಳದ ಮೂಲೆಯಲ್ಲಿ ನಿಲ್ಲಿಸಿ, ವಿಭೂತಿ ಹಚ್ಚಿ ಮಾಲೆ ಹಾಕಿದರು. ಪಕ್ಕದ ತಟ್ಟೆಯಲ್ಲಿ ಕುಂಕುಮ ಹಚ್ಚಿಕೊಂಡ ರೆಗ್ಯುಲೇಟರು, ನಾಲ್ಕನೆಯ ನಂಬರಿನಲ್ಲಿ.

ಹನ್ನೆರಡೂವರೆಗೆ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿತ್ತು. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ತಂಪಿತ್ತು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಇಂಥ ಮಂಟಪಗಳಲ್ಲಿ ಅಕ್ಕಿಕಾಳು ಬಿದ್ದ ಮರುಗಳಿಗೆಯೇ ಬೇವಿನ ಮರ ಹುಡುಕಿಕೊಂಡು ಓಡುವ ಜನ ಅಂದು ಓಡಲಿಲ್ಲ. ಕೂತರು. ಉಂಡರು. ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಚನ್ನವೀರಪ್ಪನ ತಾಯಿ ಹಟಕ್ಕೆ ಬಿದ್ದವಳಂತೆ ಶಾಲು ಹೊದ್ದು, "ಯವ್ವಾ, ಚಳಿ ಅಂದ್ರ ಚಳಿ," ಎನ್ನುತ್ತ ಬೆವರು ಒರೆಸಿಕೊಂಡಳು. ಚನ್ನವೀರಪ್ಪ ಎಲ್ಲರೆದುರು ಸೂಗಮ್ಮನಿಗೆ ಕೈ ಮುಗಿದು, "ಮಾತು ಅಂದ್ರ ನಿಮ್ಮದ್ರೀ ಬೀಗತ್ಯಾರ," ಎಂದ. ಶೈಲಜಾ ತಲೆ ತಗ್ಗಿಸಿಕೊಂಡೇ ನಕ್ಕಳು. ನೇತ್ರಾವತಿ ಮಾತ್ರ ತಲೆ ಎತ್ತಿ ಮಾಡು ನೋಡಿ ನಕ್ಕಳು.

ಊಟದ ಪಂಕ್ತಿಯಲ್ಲಿ ಸಿರವಾರದ ಅಕ್ಕಿ ಗಿರಣಿಯ ಶಂಭುಲಿಂಗಪ್ಪ ವೆಂಕೋಬನ ಪಕ್ಕದ ಎಲೆಯನ್ನೇ ಹುಡುಕಿ ಕುಳಿತ. ವೆಂಕೋಬನ ಉಗುರಿನಲ್ಲಿ, ಕಿವಿಯ ಸಂದಿಯಲ್ಲಿ, ಮೀಸೆಯಲ್ಲಿ ಇನ್ನೂ ಸುಣ್ಣವಿತ್ತು.

"ನನ್ನ ಗಿರಣಿಗೂ ಒಂದು ಕೂಡಸ್ರಿ. ಇಷ್ಟು ಬಿಸಲು ಎಲ್ಲಿ ಹೋತು, ಖರೇ ಹೇಳ್ರಿ."

ವೆಂಕೋಬ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. "ಸುಣ್ಣಾ ಹೊಡದೀವ್ರಿ. ಬೆಳಕು ಬಂದ ದಾರೀಲೆ ವಾಪಸ್ ಹೋತು. ಇಷ್ಟಾ. ಇದರ ಮುಂದ ನಂಗ ಗೊತ್ತಿಲ್ರಿ."

ಸಂಡಿಗೆಯ ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದ ಸೂಗಮ್ಮ ಶಂಭುಲಿಂಗಪ್ಪನ ಭುಜ ತಟ್ಟಿದಳು. "ಕೇಳಿದ್ರ್ಯಾ? ಇಷ್ಟು ತಿಳದಾಂವ, ಒಂಚೂರಾರ ಸೊಕ್ಕು ಅದ ಏನು ನೋಡ್ರಿ!" ಎಂದು ವೆಂಕೋಬನ ಎಲೆಗೆ ಎರಡು ಸಂಡಿಗೆ ಹೆಚ್ಚಿಗೆ ಹಾಕಿ ಮುಂದೆ ಹೋದಳು.

ತಗಡಿನಲ್ಲಿ ಎಲ್ಲೋ ಒಂದು ಮೊಳೆಯ ತೂತಿಗೆ ಸುಣ್ಣ ತುಂಬಿರಲಿಲ್ಲ. ಅದರಿಂದ ಇಳಿದ ಬೆಳಕಿನ ಒಂದು ಸಣ್ಣ ಬಿಲ್ಲೆ ಅವನ ಎಲೆಯ ಅಂಚಿನಲ್ಲಿ ಬಂದು ಕುಳಿತಿತ್ತು. ವೆಂಕೋಬ ಎಡಗೈಯನ್ನು ಅದರ ಮೇಲೆ ಇಟ್ಟ. ಬಿಲ್ಲೆ ಅಂಗೈಗೆ ಬಂತು. ಮುಷ್ಟಿ ಮುಚ್ಚಿದ. ಬೆರಳ ಗೆಣ್ಣಿನ ಮೇಲೆ ಹತ್ತಿ ಕುಳಿತಿತು. ಅವನು ಕೈ ತೆಗೆದು, ಅದರ ಗೊಡವೆಯೇ ತನಗಿಲ್ಲವೆಂಬಂತೆ ಮುಖವನ್ನು ಆಚೆ ತಿರುಗಿಸಿ, ಎರಡು ತುತ್ತು ಉಂಡ. ಆಮೇಲೆ ಓರೆಗಣ್ಣಿನಿಂದ ಮೆಲ್ಲಗೆ ಇಣುಕಿದ. ಅದು ಒಂದು ಬೆರಳಿನಷ್ಟು ಸರಿದು, ಸಂಡಿಗೆಯ ಮೇಲೆ ಕುಳಿತಿತ್ತು.